ಎಸೆಯುವ ಕೈಗೂ ಒಂದು ವ್ರತ

ಮುನಿಸಂಘವು ವಿಹಾರ ಮಾಡುತ್ತ ಊರನ್ನು ಪ್ರವೇಶಿಸುವ ದೃಶ್ಯ ಶ್ರಾವಕರಿಗೆ ಪರಿಚಿತವಾದುದು. ಮುನಿಗಳ ದೃಷ್ಟಿ ನಾಲ್ಕು ಮೊಳ ಮುಂದಿನ ನೆಲದ ಮೇಲಿರುತ್ತದೆ. ಕುಳಿತುಕೊಳ್ಳುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಒಂದು ಇರುವೆಗೂ ನೋವಾಗಬಾರದೆಂಬ ಎಚ್ಚರ ಅದು. ಜಯಘೋಷ ಮಾಡುತ್ತ ಅದೇ ಸಂಘವನ್ನು ಹಿಂಬಾಲಿಸಿದವರು ಮುಂದೆ ಸಾಗಿದ ಮೇಲೆ ಎಷ್ಟೋ ಸಲ ರಸ್ತೆಯಂಚಿನಲ್ಲಿ ಉಳಿಯುವುದು ನೀರಿನ ಬಾಟಲಿ, ಕಾಗದದ ಲೋಟ, ತಿಂಡಿಯ ಪೊಟ್ಟಣ. ಗುರುಗಳು ಹುಡುಕಿ ಹುಡುಕಿ ಕಾಪಾಡಿದ ನೆಲವನ್ನು ಭಕ್ತರು ನೋಡದೆಯೇ ಕೆಡಿಸುತ್ತಾರೆ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪ, ಉತ್ಸರ್ಗ ಎಂಬ ಐದು ಸಮಿತಿಗಳನ್ನು ಹೇಳುತ್ತದೆ. ತ್ಯಾಜ್ಯವನ್ನು ಜೀವರಹಿತವಾದ ಜಾಗದಲ್ಲಿ, ನೋಡಿ, ಯತ್ನಪೂರ್ವಕವಾಗಿ ವಿಸರ್ಜಿಸುವುದೇ ಉತ್ಸರ್ಗ ಸಮಿತಿ. ನಡೆಯುವುದಕ್ಕೂ ನುಡಿಯುವುದಕ್ಕೂ ಇರುವ ಎಚ್ಚರವೇ ಬಿಸಾಡುವುದಕ್ಕೂ ಬೇಕೆಂಬುದು ಇದರ ತಾತ್ಪರ್ಯ. ಇದು ಮುನಿಗಳ ಆಚಾರವೆಂದು ಗೃಹಸ್ಥನು ಕೈತೊಳೆದುಕೊಳ್ಳುವಂತಿಲ್ಲ. ಅವನ ಗುಣವ್ರತಗಳಲ್ಲಿ ಅನರ್ಥದಂಡವ್ರತವಿದೆ. ಪ್ರಯೋಜನವಿಲ್ಲದೆ ನೆಲ, ನೀರು, ಗಿಡಮರಗಳಿಗೆ ಮಾಡುವ ಕೇಡನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಕರೆದು ನಿಷೇಧಿಸಿದ್ದಾರೆ. ದಾರಿಯಲ್ಲಿ ಕಸ ಚೆಲ್ಲುವುದರಿಂದ ಯಾರಿಗೂ ಯಾವ ಪ್ರಯೋಜನವೂ ಇಲ್ಲ. ಆಗುವುದು ಕೇಡು ಮಾತ್ರ.

ದೇಶವು ಈ ದಿಕ್ಕಿನಲ್ಲಿ ಸುಮ್ಮನೆ ಕುಳಿತಿಲ್ಲ. 2014ರ ಗಾಂಧಿ ಜಯಂತಿಯಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು. ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಅದೇ ವರ್ಷದ ಕೇಂದ್ರದ ಘನತ್ಯಾಜ್ಯ ನಿಯಮಗಳು, ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಗಳಲ್ಲಿ ಕಸವನ್ನು ವಿಂಗಡಿಸಿ ಒಪ್ಪಿಸುವ ಹೊಣೆಯನ್ನು ಸಂಘಟಕರ ಮೇಲೆ ಹೊರಿಸಿದವು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಸಮಾಜವೂ ಕೈಜೋಡಿಸಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಶ್ರದ್ಧಾಕೇಂದ್ರಗಳ ಸ್ವಚ್ಛತೆಯನ್ನು ಅಭಿಯಾನವಾಗಿಯೇ ಕೈಗೊಂಡಿತು. ಮಂಗಳೂರಿನ ರಾಮಕೃಷ್ಣ ಮಿಷನ್ ಸ್ವಯಂಸೇವಕರೊಡನೆ ಬೀದಿಗಿಳಿದು ಪೊರಕೆ ಹಿಡಿಯಿತು.

ಇಷ್ಟಾದರೂ ಬೀದಿಯಲ್ಲಿ ಕಸ ಏಕೆ ಉಳಿದಿದೆ? ಶಾಸನವು ದಂಡ ವಿಧಿಸಬಲ್ಲದು, ತೊಟ್ಟಿ ಇಡಬಲ್ಲದು. ಆದರೆ ಮುಷ್ಟಿ ಸಡಿಲಗೊಂಡು ಲೋಟ ಕೆಳಗೆ ಬೀಳುವ ಕ್ಷಣದಲ್ಲಿ ಅಲ್ಲಿ ಅಧಿಕಾರಿ ಇರುವುದಿಲ್ಲ. ಆ ಕ್ಷಣದಲ್ಲಿ ಇರಬೇಕಾದುದು ಅಪ್ರಮಾದ. ಎಂಜಲು ಅನ್ನದೊಡನೆ ಕಟ್ಟಿ ಎಸೆದ ಚೀಲವನ್ನು ಹಸು ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಉಳಿದು ಪ್ರಾಣಕ್ಕೇ ಎರವಾಗುತ್ತದೆ. ಬಿಸುಟ ಲೋಟದಲ್ಲಿ ಮಳೆನೀರು ನಿಂತು ಸೊಳ್ಳೆಗಳು ಹುಟ್ಟುತ್ತವೆ. ಅವುಗಳನ್ನು ಕೊಲ್ಲಲು ಔಷಧಿ ಸಿಂಪಡಿಸಲಾಗುತ್ತದೆ. ಕಸದಲ್ಲಿ ಬೆರೆತ ಗಾಜಿನ ಚೂರು ಪೌರಕಾರ್ಮಿಕರ ಕೈ ಸೀಳುತ್ತದೆ. ಎಸೆದವನಿಗೆ ಕೊಲ್ಲುವ ಇಚ್ಛೆ ಇರಲಿಲ್ಲ, ನಿಜ. ಆದರೆ ಪ್ರಮತ್ತಯೋಗದಿಂದಾದ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುವಾಗ, ‘ಗೊತ್ತಾಗಲಿಲ್ಲ’ ಎಂಬ ಸಮಾಧಾನ ನಿಲ್ಲುವುದಿಲ್ಲ.

ತೊಟ್ಟಿಯೇ ಇಲ್ಲದಿದ್ದರೆ ಮಾಡುವುದೇನು ಎಂಬ ಆಕ್ಷೇಪ ಸುಳ್ಳಲ್ಲ. ಎಷ್ಟೋ ಊರುಗಳಲ್ಲಿ ತೊಟ್ಟಿ ಇರುವುದಿಲ್ಲ, ಇದ್ದರೂ ತುಂಬಿ ಚೆಲ್ಲುತ್ತಿರುತ್ತದೆ. ಅದು ಆಡಳಿತದ ಲೋಪ, ಕೇಳಲೇಬೇಕು. ಆದರೆ ತುಂಬಿದ ಬಾಟಲಿಯನ್ನು ಹೊತ್ತು ತಂದ ಚೀಲಕ್ಕೆ ಖಾಲಿ ಬಾಟಲಿ ಭಾರವಾಗದು. ಗುಡಿಸುವವರು ಇದ್ದಾರಲ್ಲ ಎಂಬ ಮಾತಂತೂ ಒಪ್ಪತಕ್ಕದ್ದಲ್ಲ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಬಂಧವಾಗುತ್ತದೆ. ತಾನು ಎಸೆದದ್ದು ಕೃತ, ಮಕ್ಕಳ ಕೈಯಿಂದ ಎಸೆಯಿಸಿದ್ದು ಕಾರಿತ, ಎಸೆದವರನ್ನು ಸರಿಯೆಂದದ್ದು ಅನುಮೋದನೆ.

ಚಾತುರ್ಮಾಸದಲ್ಲಿ, ಪಂಚಕಲ್ಯಾಣ ಮಹೋತ್ಸವಗಳಲ್ಲಿ ಸಾವಿರಾರು ಜನ ಒಟ್ಟಿಗೆ ಊಟ ಮಾಡುತ್ತಾರೆ. ಅಲ್ಲಿ ತೊಳೆದು ಬಳಸುವ ಸ್ಟೀಲ್ ತಟ್ಟೆ, ಲೋಟ ಅಥವಾ ಅಡಿಕೆ ಹಾಳೆಯ ತಟ್ಟೆಯನ್ನು ಬಳಸುವುದು ಸಮಿತಿಯವರು ಮನಸ್ಸು ಮಾಡಿದರೆ ಆಗುವ ಕೆಲಸ. ಊಟದ ವ್ಯವಸ್ಥೆಗೆ ಹೆಸರು ಕೊಡುವ ದಾನಿಗಳಲ್ಲಿ ಒಬ್ಬರು ಉತ್ಸವದ ಮರುದಿನದ ಸ್ವಚ್ಛತೆಗೂ ಹೆಸರು ಕೊಟ್ಟರೆ ಆ ದಾನವೇನೂ ಕಿರಿದಾಗದು. ಸಂಜೆ ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ದಿನದ ದೋಷಗಳನ್ನು ನೆನೆಯುವಾಗ, ಇಂದು ಕೈಯಿಂದ ಜಾರಿದ್ದು ಏನು, ಅದು ಎಲ್ಲಿ ಬಿದ್ದಿತು ಎಂಬುದನ್ನೂ ಒಮ್ಮೆ ನೆನೆಯಲಿ. ಮರುದಿನ ಮುನಿಗಳು ನಡೆದುಬರುವ ದಾರಿಯೂ ಅದೇ ಆಗಿರಬಹುದು.