ಕರುಳು ತೊಳೆದಿದೆಯೇ? ಬಸ್ಸು ಹತ್ತುವ ಮುನ್ನವೇ ಕೇಳಬೇಕು

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಬೇಗೂರು, ನಂಜನಗೂಡು ದಾಟಿ ಬಸ್ಸು ಮೈಸೂರು ಮುಟ್ಟಲು ಒಂದೂವರೆ ತಾಸು ಬೇಕು. ಬೆಳಿಗ್ಗೆ 9ಕ್ಕೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನ ಕ್ಯಾಮೆರಾ ಪರೀಕ್ಷೆ) ಎಂದು ಅಲ್ಲಿನ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದರೆ 7ಕ್ಕೆಲ್ಲ ಬಸ್ಸಿನಲ್ಲಿ ಕೂತಿರಬೇಕು. ವೈದ್ಯಶಾಸ್ತ್ರದ ಲೆಕ್ಕವೇ ಬೇರೆ: ಕರುಳು ತೊಳೆಯುವ ಔಷಧದ ಎರಡನೇ ಕಂತನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿಯಲು ಶುರು ಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸಬೇಕು. ಅಂದರೆ ನಸುಕಿನ 3ರಿಂದ 5ರ ನಡುವೆ ಲೋಟ ಹಿಡಿಯಬೇಕು. ಆಮೇಲೆ ತಾಸುಗಟ್ಟಲೆ ಶೌಚಕ್ಕೆ ಓಡಾಟ. ಶೌಚಾಲಯವಿಲ್ಲದ ಬಸ್ಸಿನಲ್ಲಿ ಪ್ರಯಾಣ ಮಾಡಬೇಕಾದವರು ಏನು ಮಾಡಿಯಾರು? ಎರಡನೇ ಕಂತನ್ನು ಅರ್ಧಕ್ಕೆ ಬಿಟ್ಟಾರು, ಇಲ್ಲವೇ ಹಿಂದಿನ ರಾತ್ರಿಯೇ ಎಲ್ಲವನ್ನೂ ಕುಡಿದು ಮುಗಿಸಿಯಾರು.

ರಾತ್ರಿಯೇ ಕುಡಿದು ಮಲಗಿದರೆ ಸಣ್ಣ ಕರುಳಿನಿಂದ ಇಳಿಯುವ ಜಿಗುಟು ರಸ ಬೆಳಗಾಗುವಷ್ಟರಲ್ಲಿ ದೊಡ್ಡ ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಚಪ್ಪಟೆಯಾಗಿ ಬೆಳೆದು ಕ್ಯಾನ್ಸರಿಗೆ ತಿರುಗಬಲ್ಲ ಕೆಲವು ಗಂಟುಗಳು ಹೆಚ್ಚಾಗಿ ಅಡಗುವುದು ಆ ಭಾಗದಲ್ಲೇ. ಕ್ಯಾಮೆರಾ ಎಷ್ಟೇ ಸೂಕ್ಷ್ಮವಾಗಿದ್ದರೂ ಕೊಳೆಯ ಹಿಂದಿರುವುದನ್ನು ತೋರಿಸಲಾರದು. ಅದಕ್ಕೇ ಔಷಧವನ್ನು ಎರಡು ಕಂತಾಗಿ ಒಡೆದು ಕೊಡಬೇಕೆಂದು ಅಮೆರಿಕದ ತಜ್ಞ ಸಂಘಗಳ ಕಾರ್ಯಪಡೆ 2014ರಲ್ಲೇ ಹೇಳಿತು.

ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ತೂಕವಿದೆ. ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿವೆ, ಕರುಳಿನದು ಇಲ್ಲ. ಹಾಗಾಗಿ ನಮ್ಮಲ್ಲಿ ಕೊಲೊನೊಸ್ಕೋಪಿಗೆ ಬರುವವರು ಬಹುಪಾಲು ಮಲದಲ್ಲಿ ರಕ್ತ ಕಂಡವರು, ಕಾರಣ ತಿಳಿಯದ ರಕ್ತಹೀನತೆಯವರು, ತೂಕ ಇಳಿದವರು. ಇವರಲ್ಲಿ ಒಂದು ಪರೀಕ್ಷೆ ಕೆಟ್ಟರೆ ರೋಗ ಪತ್ತೆಯೇ ಮುಂದಕ್ಕೆ ಹೋಗುತ್ತದೆ. ರೋಗಿಯ ದಿನಗೂಲಿಯ ಜೊತೆಗೆ, ಕಡ್ಡಾಯವಾಗಿ ಬರಬೇಕಾದ ಜೊತೆಗಾರರ ಕೂಲಿಯೂ ಹೋಗುತ್ತದೆ. ಎರಡು ಲೀಟರ್ ಉಪ್ಪುಪ್ಪು ದ್ರಾವಣವನ್ನು ಮತ್ತೊಮ್ಮೆ ಕುಡಿಯಿರಿ ಎಂದರೆ ಎಷ್ಟು ಮಂದಿ ವಾಪಸು ಬಂದಾರು?

ಯಾರ ಕರುಳು ಸರಿಯಾಗಿ ಶುದ್ಧವಾಗುವುದಿಲ್ಲ ಎಂದು ಮೊದಲೇ ಗುರುತಿಸುವ ಪ್ರಯತ್ನ ಹೊಸದಲ್ಲ. ಇಟಲಿಯ 18 ಕೇಂದ್ರಗಳಲ್ಲಿ 2,811 ಮಂದಿಯನ್ನು ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರರಲ್ಲಿ ಒಬ್ಬರ ಸಿದ್ಧತೆ ಸಾಲದಾಗಿತ್ತು. ವಯಸ್ಸು, ತೂಕ, ಮಧುಮೇಹ, ಯಕೃತ್ತಿನ ಕಾಯಿಲೆಯಂಥ ಅಂಶಗಳಿಂದ ಅಲ್ಲಿ ಕಟ್ಟಿದ ಮಾದರಿಯ ಸಾಮರ್ಥ್ಯ ಮಾತ್ರ ಸಾಧಾರಣ: 1 ಅಂದರೆ ಪರಿಪೂರ್ಣ, 0.5 ಅಂದರೆ ನಾಣ್ಯ ಚಿಮ್ಮಿದಂತೆ ಎನ್ನುವ ಅಳತೆಯಲ್ಲಿ ಅದಕ್ಕೆ ಸಿಕ್ಕಿದ್ದು 0.63. ನೆದರ್ಲೆಂಡ್ಸ್‌ನಲ್ಲಿ 2015ರಲ್ಲಿ ಬಂದ ಮಾದರಿ 0.77ಕ್ಕೆ ಏರಿತು. ದೀರ್ಘಕಾಲದ ಮಲಬದ್ಧತೆ, ಮಧುಮೇಹ, ಹೊಟ್ಟೆಯ ಹಳೆಯ ಶಸ್ತ್ರಚಿಕಿತ್ಸೆ, ಅಫೀಮು ಮೂಲದ ನೋವುನಿವಾರಕಗಳು, ಕೆಲವು ಖಿನ್ನತೆಯ ಮಾತ್ರೆಗಳು, ಹಿಂದೊಮ್ಮೆ ಸಿದ್ಧತೆ ಕೆಟ್ಟಿದ್ದು ಅದರ ಪಟ್ಟಿಯಲ್ಲಿವೆ.

ಈ ಪಟ್ಟಿಗಳನ್ನು ತಳ್ಳಿಹಾಕಬೇಕಿಲ್ಲ. ಮಲಬದ್ಧತೆಯಿರುವ ಹಿರಿಯರೊಬ್ಬರಿಗೆ ಕೆಲವು ದಿನ ಮೊದಲೇ ಪಥ್ಯ ಮತ್ತು ಭೇದಿ ಔಷಧ ಶುರು ಮಾಡಲು ಇವೇ ಆಧಾರ. ಆದರೆ ಇವು ಕೇಳುವುದೆಲ್ಲ ದೇಹದ ಬಗ್ಗೆ. ಚಾಮರಾಜನಗರ ಜಿಲ್ಲೆಯಲ್ಲಿ ದೇಹದಷ್ಟೇ ಮುಖ್ಯವಾಗಿ ಕೇಳಬೇಕಾದದ್ದು ದಾರಿಯ ಬಗ್ಗೆ, ತಟ್ಟೆಯ ಬಗ್ಗೆ, ಹಿತ್ತಿಲಿನ ಬಗ್ಗೆ.

ತಟ್ಟೆಯಿಂದಲೇ ನೋಡೋಣ. ಇಲ್ಲಿನ ಊಟ ಮುದ್ದೆ, ಸೊಪ್ಪಿನ ಸಾರು, ಹುರುಳಿ ಬಸ್ಸಾರು, ಕಾಲಕ್ಕೆ ಅವರೆಕಾಳು. ರಾಗಿ ಕಾಳು ತೀರಾ ಸಣ್ಣದು. ಸಿಪ್ಪೆ ಸಮೇತ ಬೀಸುವುದೇ ವಾಡಿಕೆ. ನಿತ್ಯದ ಆರೋಗ್ಯಕ್ಕೆ ಇದಕ್ಕಿಂತ ಒಳ್ಳೆಯ ಊಟ ಬೇಡ, ಆದರೆ ಪರೀಕ್ಷೆಯ ಹಿಂದಿನ ದಿನಗಳಲ್ಲಿ ಇದೇ ಊಟದ ನಾರು ಕರುಳಲ್ಲಿ ಉಳಿಯುತ್ತದೆ. ‘ನಾರಿನಂಶ ಕಡಿಮೆ ಇರುವ ಆಹಾರ’ ಎಂದು ಚೀಟಿಯಲ್ಲಿ ಬರೆದರೆ ಅದು ಮುದ್ದೆಯನ್ನೂ ಸೇರಿಸಿ ಹೇಳಿದ್ದೆಂದು ಹಳ್ಳಿಯ ರೋಗಿಗೆ ಹೊಳೆಯಬೇಕೆಂದಿಲ್ಲ. ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬೇಡ. ಬಿಳಿ ಅನ್ನ, ಇಡ್ಲಿ, ಮೊಸರು, ಸೋಸಿದ ತಿಳಿಸಾರು ಆಗಬಹುದು ಎಂದು ಹೆಸರು ಹಿಡಿದೇ ಹೇಳಬೇಕು. ಕಬ್ಬಿಣಾಂಶದ ಮಾತ್ರೆಯದೂ ಇದೇ ಕಥೆ. ರಕ್ತಹೀನತೆಗೆಂದು ಕೊಡುವ ಈ ಮಾತ್ರೆ ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಪರೀಕ್ಷೆಗೆ ಐದಾರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ರಕ್ತಹೀನತೆಯೇ ಪರೀಕ್ಷೆಗೆ ಕಾರಣವಾದವರಲ್ಲಿ ಇದನ್ನು ಮರೆತರೆ ನಷ್ಟ ದೊಡ್ಡದು.

ಇನ್ನು ಹಿತ್ತಿಲು. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡಂಚಿನ ಊರುಗಳಲ್ಲಿ, ಪೋಡುಗಳೆಂಬ ಬುಡಕಟ್ಟು ಹಾಡಿಗಳಲ್ಲಿ ಆನೆ, ಚಿರತೆಯ ಭಯ ಕಟ್ಟುಕಥೆಯಲ್ಲ. ಮನೆಯೊಳಗೆ ಶೌಚಾಲಯವಿಲ್ಲದ ಹೆಣ್ಣುಮಗಳಿಗೆ ನಸುಕಿನ 3 ಗಂಟೆಗೆ ಭೇದಿಯ ಔಷಧ ಕುಡಿಯಿರಿ ಎನ್ನುವುದು ಪಾಲಿಸಲಾಗದ ಸಲಹೆ. ಆಕೆ ಪಾಲಿಸದಿದ್ದರೆ ಕಡತದಲ್ಲಿ ‘ರೋಗಿಯ ಅಸಹಕಾರ’ ಎಂದು ಬರೆಯುವುದು ಅನ್ಯಾಯ. ಅಂಥವರನ್ನು ಹಿಂದಿನ ದಿನವೇ ಆಸ್ಪತ್ರೆಗೆ ಕರೆಸಿಕೊಂಡು, ಶೌಚಾಲಯದ ಪಕ್ಕ ಒಂದು ಹಾಸಿಗೆ ಕೊಡಬೇಕು.

ಉಳಿದವರಿಗೆ ಸಮಯ ಬದಲಿಸಿದರೂ ಅರ್ಧ ಕೆಲಸ ಆದಂತೆ. ಗುಂಡ್ಲುಪೇಟೆಯವರಿಗೆ 9ರ ಬದಲು ಮಧ್ಯಾಹ್ನ 1ಕ್ಕೆ ಸಮಯ ಕೊಟ್ಟರೆ ಬೆಳಿಗ್ಗೆ 7ಕ್ಕೆ ಎರಡನೇ ಕಂತು ಶುರು ಮಾಡಬಹುದು, ಹೊಟ್ಟೆ ತಕ್ಕಮಟ್ಟಿಗೆ ಹದಕ್ಕೆ ಬಂದ ಮೇಲೆ ಬಸ್ಸು ಹತ್ತಬಹುದು. ಚಾಮರಾಜನಗರದವರಿಗೆ ಮೈಸೂರಿಗೆ ರೈಲಾದರೂ ಇದೆ. ಗುಂಡ್ಲುಪೇಟೆಗೆ ಅದೂ ಇಲ್ಲ. ಊರಿನ ಹೆಸರು ನೋಡಿ ಸಮಯ ಗೊತ್ತುಮಾಡಲು ಆಸ್ಪತ್ರೆಗೆ ಹೊಸ ಯಂತ್ರವೇನೂ ಬೇಕಾಗಿಲ್ಲ.

ಎಲ್ಲ ಮುನ್ಸೂಚನೆಗಳಿಗಿಂತ ನೇರವಾದದ್ದು ಕೊನೆಯ ಭೇದಿಯ ಬಣ್ಣ. ಅಮೆರಿಕದ ಇಂಡಿಯಾನಾದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊನೆಗೆ ಹೋದದ್ದು ಕಂದು ಬಣ್ಣದ ನೀರು ಅಥವಾ ಗಟ್ಟಿ ಎಂದು ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯ ಕರುಳು ತಕ್ಕಷ್ಟು ಶುದ್ಧವಾಗಿರಲಿಲ್ಲ. ಈ ಪ್ರಶ್ನೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಕೇಳಿ ಫಲವೇನು? ರೋಗಿ ಇನ್ನೂ ಮನೆಯಲ್ಲಿರುವಾಗಲೇ ಫೋನಿನಲ್ಲಿ ಕೇಳಬೇಕು. ತಿಳಿ ಹಳದಿ ನೀರಾದರೆ ಹೊರಡಿ. ಕದಡಿದ್ದರೆ ಮುಂದೇನು ಕುಡಿಯಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ನರ್ಸ್ ಅಲ್ಲೇ ಹೇಳಬಹುದು. ಬಣ್ಣಗಳ ಚಿತ್ರವಿರುವ ಕನ್ನಡ ಚೀಟಿಯಿದ್ದರೆ ಓದು ಬಾರದವರೂ ಬೆರಳಿಟ್ಟು ತೋರಿಸಿಯಾರು, ಜೊತೆಗಿರುವವರು ಫೋನಿನಲ್ಲಿ ಹೇಳಿಯಾರು. ಮಧುಮೇಹಿಗಳಿಗೆ ಆ ಬೆಳಗಿನ ಮಾತ್ರೆ, ಇನ್ಸುಲಿನ್ ಬಗ್ಗೆಯೂ ಅದೇ ಕರೆಯಲ್ಲಿ ತಿಳಿಸಬಹುದು.

ಸಿಬ್ಬಂದಿ ಎಲ್ಲಿದ್ದಾರೆ ಎಂಬ ಆಕ್ಷೇಪ ಬರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಕೆಟ್ಟ ಪರೀಕ್ಷೆಯೊಂದು ವೈದ್ಯರ, ನರ್ಸಿನ, ಉಪಕರಣದ ಹೊತ್ತನ್ನು ಎರಡು ಸಲ ತಿನ್ನುತ್ತದೆ. ಫೋನ್ ಕರೆಗೆ ಬೇಕಾದದ್ದು ಕೆಲವೇ ನಿಮಿಷ. ಊರಿನ ಆಶಾ ಕಾರ್ಯಕರ್ತೆಗೆ ಹಿಂದಿನ ವಾರವೇ ಮಾಹಿತಿ ಹೋದರೆ ಮಾತ್ರೆ, ಪಥ್ಯ, ಶೌಚಾಲಯದ ವಿಷಯ ಮನೆಯಲ್ಲೇ ಇತ್ಯರ್ಥವಾಗುತ್ತದೆ. ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನವೂ ಸಿಗಬೇಕು.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇಟಲಿ, ನೆದರ್ಲೆಂಡ್ಸ್‌ಗಳ ಅಂಕಪಟ್ಟಿ ಈ ಜಿಲ್ಲೆಯವರಿಗೆ ಎಷ್ಟು ಹೊಂದುತ್ತದೆ ಎಂದು ಅಲ್ಲಿನ ವಿದ್ಯಾರ್ಥಿಗಳು ಮೈಸೂರಿನ ಆಸ್ಪತ್ರೆಗಳ ಜೊತೆ ಸೇರಿ ಪರೀಕ್ಷಿಸಬಹುದು. ಆ ಪಟ್ಟಿಗೆ ನಾಲ್ಕು ಪ್ರಶ್ನೆ ಸೇರಿಸಿಕೊಂಡರೆ ಸಾಕು: ಎಷ್ಟು ದೂರದಿಂದ ಬರುತ್ತೀರಿ, ಯಾವುದರಲ್ಲಿ ಬರುತ್ತೀರಿ, ಮನೆಯಲ್ಲಿ ಶೌಚಾಲಯವಿದೆಯೇ, ಕೊನೆಯ ಬಾರಿ ಮುದ್ದೆ ಉಂಡಿದ್ದು ಯಾವಾಗ?