ರೋಗಿಯ ಕಾಗದಕ್ಕೆ ಧಣಿ ಯಾರು?

ಗೇಣಿ ಅಳೆಸಿಕೊಂಡು ರಸೀದಿ ಕೊಡದ ಧಣಿಗಳನ್ನು ನಮ್ಮ ರೈತರು ಬಲ್ಲರು. ಚೀಟಿ ಇಲ್ಲದ ಗೇಣಿದಾರನಿಗೆ ಕಚೇರಿಯಲ್ಲಿ ಬಾಯಿಯೇ ಇರುತ್ತಿರಲಿಲ್ಲ. ಅದೇ ವಿದ್ಯೆಯನ್ನು ಈಗ ಅನೇಕ ಖಾಸಗಿ ಆಸ್ಪತ್ರೆಗಳ ಕೌಂಟರಿನಲ್ಲಿ ಕಾಣುತ್ತಿದ್ದೇವೆ. ಸಾಲ ಮಾಡಿ ಹಣ ಕಟ್ಟಿ, ಹೊಟ್ಟೆ ಕೊಯ್ಯಿಸಿಕೊಂಡು ಹೊರಟವನ ಕೈಗೆ ಬರುವುದು ಒಂದೆರಡು ಹಾಳೆಯ ಬಿಡುಗಡೆ ಪತ್ರ. ಕೇಸ್ ಶೀಟು, ಆಪರೇಷನ್ ಟಿಪ್ಪಣಿ, ದಿನದಿನದ ಔಷಧಿಯ ಲೆಕ್ಕ ಎಲ್ಲವೂ ಅವರ ಕಪಾಟಿನಲ್ಲಿ. ಕೇಳಿದರೆ, 'ಅದು ಆಸ್ಪತ್ರೆಯ ಸ್ವತ್ತು' ಎಂಬ ಉತ್ತರ.

ಮೂಲ ಕಾಗದ ಅವರಲ್ಲೇ ಇರಲಿ, ತಕರಾರಿಲ್ಲ. ನಕಲು ರೋಗಿಯ ಹಕ್ಕು. ರೋಗಿಯ ದಾಖಲೆಯನ್ನು ರೋಗಿಗೇ ಗುಟ್ಟು ಮಾಡುವಂತಿಲ್ಲವೆಂದು ಬೊಂಬಾಯಿ ಹೈಕೋರ್ಟು 1996ರಲ್ಲೇ ಹೇಳಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಕೊಡದಿದ್ದರೆ ಅದು ವೈದ್ಯನ ದುರ್ನಡತೆ. (2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು, ಹಳೆಯದೇ ಮತ್ತೆ ಜಾರಿಗೆ ಬಂತು.) ಬಿಲ್ಲು ಬಾಕಿಯಿದ್ದರೆ ಕೊಡಬೇಕಿಲ್ಲವೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಕಾಗದವಿಲ್ಲದೆ ಹೋದರೆ ಏನಾಗುತ್ತದೆಂಬುದನ್ನು ಉಳ್ಳವರಿಗೆ ವಿವರಿಸಬೇಕು, ಬಡವರಿಗೆ ಬೇಕಿಲ್ಲ. ರೋಗ ಉಲ್ಬಣಿಸಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ದರೆ, ಯಾವ ಮದ್ದು ಒಗ್ಗಲಿಲ್ಲ, ಒಳಗೆ ಏನನ್ನು ಕೊಯ್ದರು, ಎಷ್ಟು ರಕ್ತ ಕೊಟ್ಟರು ಎಂಬುದು ಅಲ್ಲಿಯ ವೈದ್ಯರಿಗೆ ಗೊತ್ತಾಗದು. ರಕ್ತ ಪರೀಕ್ಷೆ, ಸ್ಕ್ಯಾನು ಮತ್ತೆ ಮೊದಲಿನಿಂದ. ಇದ್ದೊಂದು ಹಸುವನ್ನು ಮಾರಿದ ಹಣ ಅಲ್ಲಿಗೆ ಮುಗಿಯಿತು. ಇನ್ನು ಚಿಕಿತ್ಸೆಯಲ್ಲಿ ತಪ್ಪಾಗಿದ್ದರೆ ಸಾಕ್ಷಿಯೂ ಆ ಕಪಾಟಿನಲ್ಲೇ! ಬಾಗಿಲು ಹಾಕಿಕೊಳ್ಳುವ ಆತುರ ಯಾತಕ್ಕೆಂಬುದನ್ನು ವಾಚಕರು ಊಹಿಸಬಲ್ಲರು.

2002ರ ನಿಯಮದಲ್ಲಿ ಒಂದು ಕುಂದಿದೆ. ಅದು ಹಿಡಿಯುವುದು ವೈದ್ಯನನ್ನು. ಬಂಡವಾಳ ಹಾಕಿದ ಮಾಲೀಕನನ್ನೂ ಅವನ ಮ್ಯಾನೇಜರನ್ನೂ ವೈದ್ಯಕೀಯ ಪರಿಷತ್ತು ಮುಟ್ಟಲಾರದು. ಅವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬೇಕು, ಇಲ್ಲವೆ ಖಾಸಗಿ ಆಸ್ಪತ್ರೆಗಳ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರಕ್ಕೆ. ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು.

ಬಿಡುಗಡೆಯ ದಿನವೇ ಅರ್ಜಿಯನ್ನು ಬರೆದು ಕೊಡಿ, ತಾರೀಖು ಹಾಕಿಸಿ ಸಹಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ 72 ಗಂಟೆಯ ಲೆಕ್ಕ ಯಾರೂ ಇಡುವುದಿಲ್ಲ. ಜಿಲ್ಲಾಧಿಕಾರಿಗಳಲ್ಲಿ ನಮ್ಮ ಒತ್ತಾಯ ಇಷ್ಟೆ: ಈ ನಿಯಮವನ್ನು ಅಚ್ಚ ಕನ್ನಡದಲ್ಲಿ ಬರೆಸಿ, ಜಿಲ್ಲೆಯ ಪ್ರತಿ ಆಸ್ಪತ್ರೆಯ ಹಣ ಕಟ್ಟುವ ಕಿಟಕಿಯ ಪಕ್ಕದಲ್ಲೇ ತೂಗುಹಾಕಿಸಬೇಕು.