ಬೀದಿಯ ಸಂಗೀತ ಮತ್ತು ನಗರದ ಋಣ

ಅಮೆರಿಕದ ಷಿಕಾಗೊ ನಗರದಲ್ಲಿ, ಮಿಷಿಗನ್ ಸರೋವರದ ಸಮೀಪದ ಉದ್ಯಾನದಲ್ಲಿ, ಬೇಸಗೆಯ ಜೂನ್ ತಿಂಗಳಿನಲ್ಲಿ ನಡೆಯುವ ಬ್ಲೂಸ್ ಸಂಗೀತೋತ್ಸವಕ್ಕೆ ಪ್ರವೇಶಶುಲ್ಕವೆಂಬುದಿಲ್ಲ. 1984ರಲ್ಲಿ ಆರಂಭವಾದ ಈ ಉತ್ಸವವನ್ನು ನಗರಾಡಳಿತವೇ ಮುಂದೆ ನಿಂತು ನಡೆಸುತ್ತ ಬಂದಿದೆ. ಧನಿಕನೂ ದಿನಗೂಲಿಯವನೂ ಒಂದೇ ಆಕಾಶದ ಕೆಳಗೆ ಕುಳಿತು ಕೇಳುತ್ತಾರೆ. ಹಣ ತೆರದೆ ಕೇಳಿದ ಸಂಗೀತಕ್ಕೆ ಗೌರವವಿರದೆಂದೂ, ಪೌರರ ತೆರಿಗೆ ಗಾನವಾದನಗಳಿಗಾಗಿ ವ್ಯಯವಾಗಬಾರದೆಂದೂ ಆಕ್ಷೇಪಿಸುವವರುಂಟು. ಆ ಸಂಗೀತದ ಪೂರ್ವೋತ್ತರವನ್ನು ಬಲ್ಲವರು ಈ ವಾದವನ್ನು ಒಪ್ಪಲಾರರು.

ಮಿಸಿಸಿಪಿಯ ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು, ಗುಲಾಮಗಿರಿ ತೊಲಗಿದ ಮೇಲೂ ತೊಲಗದೆ ಉಳಿದ ಸಾಲದ ಬಂಧನವನ್ನೂ ವರ್ಣದ್ವೇಷದ ಕ್ರೌರ್ಯವನ್ನೂ ಸಹಿಸಲಾರದೆ, ಲಕ್ಷೋಪಲಕ್ಷವಾಗಿ ಉತ್ತರದ ಕಾರ್ಖಾನೆಯ ನಗರಗಳಿಗೆ ವಲಸೆ ಬಂದಾಗ, ಅವರೊಡನೆ ಬಂದ ಅಲ್ಪಸ್ವಲ್ಪ ಸಂಪತ್ತಿನಲ್ಲಿ ಈ ಹಾಡೂ ಒಂದು. 1943ರಲ್ಲಿ ಷಿಕಾಗೊವನ್ನು ಸೇರಿದ ಮಡ್ಡಿ ವಾಟರ್ಸ್ ಹಗಲು ಕಾಗದದ ಕಾರ್ಖಾನೆಯಲ್ಲಿ ದುಡಿದು ರಾತ್ರಿ ಹಾಡಿದವರು. ಹಳ್ಳಿಯ ನಿಶ್ಶಬ್ದದಲ್ಲಿ ಸಾಕಾಗಿದ್ದ ಗಿಟಾರಿನ ಮೆಲುದನಿ ನಗರದ ಗದ್ದಲದಲ್ಲಿ ಅಡಗಿಹೋಗುತ್ತಿದ್ದುದರಿಂದ, ಅವರೂ ಅವರ ಸಂಗಡಿಗರೂ ವಾದ್ಯಕ್ಕೆ ವಿದ್ಯುತ್ತನ್ನು ಕೂಡಿಸಿದರು; ಷಿಕಾಗೊದ ಬ್ಲೂಸ್‌ಗೆ ಅದರ ಪ್ರಖರವಾದ ನಾದ ಬಂದುದು ಹೀಗೆ.

ಆ ನಾದಕ್ಕೆ ಪಾಠಶಾಲೆಯಾದುದು ಮ್ಯಾಕ್ಸ್‌ವೆಲ್ ಬೀದಿ. ಯೆಹೂದಿ ವಲಸೆಗಾರರು ಬೆಳೆಸಿದ ಅಲ್ಲಿನ ಭಾನುವಾರದ ಸಂತೆಯಲ್ಲಿ, ಹಳೆಯ ಬಟ್ಟೆಬರೆ, ಪಾತ್ರೆಪಡಗಗಳ ರಾಶಿಗಳ ನಡುವೆ, ಪಕ್ಕದ ಅಂಗಡಿಯಿಂದಲೋ ಮನೆಯಿಂದಲೋ ವಿದ್ಯುತ್ತಿನ ತಂತಿಯನ್ನೆಳೆದುಕೊಂಡು ಕಲಾವಿದರು ನುಡಿಸುತ್ತಿದ್ದರು. ಲಿಟಲ್ ವಾಲ್ಟರನ ಮೌತ್ ಆರ್ಗನ್ ಅಲ್ಲಿ ಮೊಳಗಿತು. 1964ರಲ್ಲಿ ರಾಬರ್ಟ್ ನೈಟ್‌ಹಾಕ್ ಅಲ್ಲಿ ಹಾಡಿದುದು ಧ್ವನಿಮುದ್ರಣವಾಗಿ ಇಂದಿಗೂ ಉಳಿದಿದೆ. ಕೇಳಲು ಅಪ್ಪಣೆ ಬೇಕಿರಲಿಲ್ಲ. ಮೆಚ್ಚಿದವನು ಕೈಲಾದುದನ್ನು ಕೊಟ್ಟು ಮುಂದೆ ಹೋಗುತ್ತಿದ್ದನು. ನಿರ್ಧನರು ನಿರ್ಧನರೆದುರಿಗೆ ಹಾಡಿ ಬೆಳೆಸಿದ ವಿದ್ಯೆಗೆ ಇಂದು ಟಿಕೆಟ್ಟಿನ ಬೇಲಿ ಹಾಕುವುದೆಂದರೆ, ಅದನ್ನು ಸಾಕಿದವರ ಸಂತತಿಯನ್ನೇ ಹೊರಗೆ ನಿಲ್ಲಿಸಿದಂತೆ. ಆದುದರಿಂದ ಉಚಿತ ಪ್ರವೇಶವೆಂಬುದು ನಗರವು ತೋರುವ ಔದಾರ್ಯವಲ್ಲ, ಅದು ಋಣಸಂದಾಯ.

ಆದರೆ ಋಣ ಅಷ್ಟಕ್ಕೇ ತೀರುವುದಿಲ್ಲ. ಉತ್ಸವಕ್ಕೆ ಹತ್ತು ವರ್ಷ ತುಂಬಿದ 1994ರಲ್ಲಿಯೇ, ವಿಶ್ವವಿದ್ಯಾಲಯದ ವಿಸ್ತರಣೆಗೆಂದು ಮ್ಯಾಕ್ಸ್‌ವೆಲ್ ಬೀದಿಯ ಸಂತೆಯನ್ನು ಅಲ್ಲಿಂದೆಬ್ಬಿಸಲಾಯಿತು. ಕಾಲಕ್ರಮದಲ್ಲಿ ಹಳೆಯ ಕಟ್ಟಡಗಳೂ ಬಹುಮಟ್ಟಿಗೆ ನೆಲಸಮವಾದವು. ಸಂತೆಯನ್ನು ಬೇರೆಡೆಗೆ ಸಾಗಿಸಿದರೆಂಬುದು ನಿಜವೇ. ಆದರೆ ತಲೆಮಾರುಗಳಿಂದ ಕೂಡಿಬಂದ ನೆರೆಹೊರೆಯನ್ನೂ ಕೇಳುಗರ ಬಳಕೆಯನ್ನೂ ಬಂಡಿಯಲ್ಲಿ ಹೇರಿ ಒಯ್ಯಲಾಗುವುದಿಲ್ಲ. ಗರ್ಭಗುಡಿಯನ್ನು ಕೆಡವಿ ಉತ್ಸವಮೂರ್ತಿಯನ್ನು ಮೆರೆಸುವ ಭಕ್ತಿ ಎಂತಹ ಭಕ್ತಿ?

ಉತ್ಸವ ಬೇಡವೆಂದು ನಾನು ಹೇಳುತ್ತಿಲ್ಲ. ಬೇರಾವ ದಾರಿಯಿಂದಲೂ ಈ ಸಂಗೀತದೆಡೆಗೆ ಬರಲಾರದಿದ್ದ ಬಾಲಕನೊಬ್ಬ ಆ ಬಯಲಿನಲ್ಲಿ ವೃದ್ಧ ವಾದಕನ ಬೆರಳುಗಳನ್ನು ಕಣ್ಣಾರೆ ಕಂಡು ಕಲಿಯಲು ಹಂಬಲಿಸಿದರೆ, ಅದೊಂದೇ ವೆಚ್ಚವನ್ನೆಲ್ಲ ಸಾರ್ಥಕಗೊಳಿಸುತ್ತದೆ. ಆದರೆ ಆ ಹಂಬಲ ಮಾರನೆಯ ದಿನದಿಂದ ವರ್ಷದುದ್ದಕ್ಕೂ ಎಲ್ಲಿ ಆಶ್ರಯ ಪಡೆಯಬೇಕು? ಬೀದಿಯ ಮೂಲೆಯಲ್ಲಿ ನುಡಿಸುವವನನ್ನು ಅಡಚಣೆಯೆಂದು ಅಟ್ಟುವ ನಗರವು ಬಯಲಿನ ವೇದಿಕೆಯಲ್ಲಿ ಅವನಿಗೆ ಗೌರವ ತೋರಿದರೆ ಅದು ಅರ್ಧ ಗೌರವ.

ಲೋಕದ ಯಾವ ನಗರವೇ ಆಗಲಿ, ತನ್ನ ನೆಲದ ಸಂಗೀತವನ್ನು ಉಚಿತವಾಗಿ ಕೇಳಿಸಹೊರಟಾಗ ಮೂರು ಹೊಣೆಗಳನ್ನು ಒಟ್ಟಿಗೇ ಹೊರತಕ್ಕದ್ದು: ಕೇಳುಗನಿಗೆ ಬಾಗಿಲು ತೆರೆದಿರಬೇಕು, ಕೇಳುಗನು ತೆರದ ಹಣವನ್ನು ಕಲಾವಿದನ ಸಂಭಾವನೆಯಿಂದ ಕಳೆಯಕೂಡದು, ಸಂತೆ, ಚೌಕ, ಬೀದಿಗಳಲ್ಲಿ ಹಾಡುವ ಹಕ್ಕನ್ನು ವರ್ಷವಿಡೀ ಕಾಯಬೇಕು. ಇವುಗಳಲ್ಲಿ ಮೂರನೆಯದಕ್ಕೆ ತಗಲುವ ವೆಚ್ಚ ಅತ್ಯಲ್ಪ, ಅದರಿಂದ ದೊರೆಯುವ ಫಲವಾದರೋ ಎಲ್ಲಕ್ಕಿಂತ ದೀರ್ಘಕಾಲದ್ದು. ಆಳುವವರು ಮೊದಲು ಕೈಗೊಳ್ಳಬೇಕಾದುದು ಅದನ್ನೇ.